ನೆರೆಯವರ ತೋಟ ಹಿಡಿದು ನಮ್ಮ ಬೇಸಾಯ ಬೆಳೆಸಿದ ಬಗೆ

ತಿಪಟೂರು ಸೀಮೆಯಲ್ಲಿ ನಮ್ಮ ಸ್ವಂತದ್ದು ಎರಡೂವರೆ ಎಕರೆ. ಅರ್ಧ ತೆಂಗು, ಅರ್ಧ ಮಳೆ ನೆಚ್ಚಿದ ಖುಷ್ಕಿ ಹೊಲ. ದೊಡ್ಡಬಳ್ಳಾಪುರದ ಸಾವಯವ ಕೃಷಿಕ ಎಲ್. ನಾರಾಯಣ ರೆಡ್ಡಿಯವರ ಮಾತು ಕೇಳಿ ಬಂದ ಮೇಲೆ ನಮ್ಮ ಮಾವನವರು ಮೂಟೆಯಲ್ಲಿ ಬರುವ ರಾಸಾಯನಿಕ ಗೊಬ್ಬರ ಬಿಟ್ಟರು, ತೋಟಕ್ಕೆ ಟ್ರ್ಯಾಕ್ಟರ್ ಇಳಿಸುವುದನ್ನೂ ನಿಲ್ಲಿಸಿದರು. ನಾನು ಈ ಮನೆಗೆ ಸೊಸೆಯಾಗಿ ಬರುವ ಹೊತ್ತಿಗೆ ತೋಟದ ಮಣ್ಣು ಕಪ್ಪಗೆ, ಕೈಗೆ ಮೆತ್ತಗೆ ಸಿಗುತ್ತಿತ್ತು. ರಾಗಿ, ಅವರೆ, ಸೊಪ್ಪು, ಗಾಣದ ಕೊಬ್ಬರಿ ಎಣ್ಣೆ ಎಲ್ಲವೂ ಊರಲ್ಲಿ ಮತ್ತು ತಿಪಟೂರಿನ ಕೆಲವು ಮನೆಗಳಲ್ಲಿ ಖರ್ಚಾಗುತ್ತಿದ್ದವು. ಕೇಳುವ ಮನೆಗಳು ಹೆಚ್ಚಿದವು. ಶಿವರಾತ್ರಿ ದಾಟುವಷ್ಟರಲ್ಲಿ ರಾಗಿ ಮುಗಿದು, ಬಂದವರನ್ನು ಬರಿಗೈಲಿ ಕಳಿಸುವುದು ಬೇಜಾರೆನಿಸತೊಡಗಿತು.

ಭೂಮಿ ಕೊಳ್ಳುವ ಮಾತೇ ಇರಲಿಲ್ಲ. ರಾಗಿ ಮಾರಿ ಈಗಿನ ರೇಟಿಗೆ ಜಮೀನು ಕೊಂಡು ಬದುಕಿದವರನ್ನು ನಾನು ಕಂಡಿಲ್ಲ. ಆದರೆ ನಮ್ಮ ಸುತ್ತಲೇ ಬೀಳು ಬಿದ್ದ ಹೊಲಗಳಿದ್ದವು. ಮಕ್ಕಳೆಲ್ಲ ಬೆಂಗಳೂರು ಸೇರಿ, ವಯಸ್ಸಾದವರು ಕೈಲಾಗದೆ ಬಿಟ್ಟ ತೋಟಗಳೂ ಇದ್ದವು. ಅವನ್ನು ಹಿಡಿದು ಮಾಡೋಣ ಎಂದುಕೊಂಡೆವು.

ಇಲ್ಲಿ ಕಾನೂನಿನ ವಿಷಯ ಬಿಡಿಸಿ ಹೇಳಬೇಕು. ಕರ್ನಾಟಕ ಭೂ ಸುಧಾರಣೆ ಕಾಯ್ದೆ 1961ರದ್ದು. ದೇವರಾಜ ಅರಸರ ಕಾಲದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿಗೆ ಕೊಟ್ಟ ಜಮೀನೆಲ್ಲ ಸರ್ಕಾರದ ವಶವಾಯಿತು. ಉಳುವವರು ನಮೂನೆ 7ರಲ್ಲಿ ಅರ್ಜಿ ಹಾಕಿ ಒಡೆಯರಾದರು. ಹೊಸದಾಗಿ ಗೇಣಿಗೆ ಕೊಡುವುದಕ್ಕೆ, ಸೈನಿಕರಂಥ ಕೆಲವರನ್ನು ಬಿಟ್ಟು, ನಿಷೇಧ ಬಿತ್ತು. ಬಡ ಗೇಣಿದಾರರ ಪಾಲಿಗೆ ಅದು ದೊಡ್ಡ ನ್ಯಾಯ. ನಮ್ಮ ಮಾವನವರ ತಂದೆಗೆ ಒಂದು ಎಕರೆ ಸಿಕ್ಕಿದ್ದೂ ಅದರಿಂದಲೇ. ಆದರೆ ಆ ಭಯ ಇವತ್ತಿಗೂ ಊರಲ್ಲಿದೆ. ಕಾಗದದ ಮೇಲೆ ಬರೆದುಕೊಟ್ಟರೆ ಜಮೀನು ಹೋಯಿತು ಎಂದೇ ಜನ ನಂಬುತ್ತಾರೆ. ಹಾಗಾಗಿ ಎಲ್ಲವೂ ಬಾಯಿಮಾತಿನ ವಾರ, ಅಂದರೆ ಬೆಳೆಯಲ್ಲಿ ಪಾಲು ಕೊಟ್ಟು ಬೇರೆಯವರ ಜಮೀನು ಮಾಡುವುದು, ಅದೂ ವರ್ಷದಿಂದ ವರ್ಷಕ್ಕೆ.

ಮಣ್ಣು ಸರಿಮಾಡುವ ಬೇಸಾಯಕ್ಕೆ ವರ್ಷದ ಲೆಕ್ಕ ಹೊಂದುವುದಿಲ್ಲ. ತೆಂಗನ್ನೇ ನೋಡಿ. ಸುಳಿಯೊಳಗೆ ಹೊಂಬಾಳೆ ಮೊಳೆತು ಹೊರಗೆ ಬಿರಿಯಲು ಎರಡೂವರೆ ವರ್ಷಕ್ಕೂ ಮೇಲೆ ಹಿಡಿಯುತ್ತದೆ. ಬಿರಿದದ್ದು ಬಲಿತ ಕಾಯಾಗಲು ಮತ್ತೊಂದು ವರ್ಷ. ಇವತ್ತು ಬುಡಕ್ಕೆ ಹಾಕಿದ ಗೊಬ್ಬರದ ಪೂರ್ತಿ ಫಲ ಕಾಣುವುದು ನಾಲ್ಕನೇ ವರ್ಷಕ್ಕೆ. ಬರುವ ಯುಗಾದಿಗೆ ಜಮೀನು ಬಿಡಬೇಕಾದೀತು ಎಂಬ ಅನುಮಾನವಿದ್ದವರು ಗೊಬ್ಬರ ಯಾಕೆ ಹಾಕುತ್ತಾರೆ? ವಾರಕ್ಕೆ ಹಿಡಿದ ತೋಟಗಳು ಸೊರಗುವುದು ಹಿಡಿದವರ ಸೋಮಾರಿತನದಿಂದಲ್ಲ.

ಮೊದಲು ಸಿಕ್ಕಿದ್ದು ಪಕ್ಕದ ಎರಡು ಎಕರೆ ತೋಟ, ತೊಂಬತ್ತು ಚಿಲ್ಲರೆ ಹಳೇ ಮರಗಳು. ಒಡತಿ ನಮಗೆ ವರಸೆಯಲ್ಲಿ ದೊಡ್ಡವ್ವ. ಆರು ವರ್ಷವಾದರೂ ಬೇಕು ಎಂದು ನಾನೇ ಕೇಳಿದೆ. "ಪತ್ರಗಿತ್ರ ಏನೂ ಬ್ಯಾಡ ಕಣವ್ವ, ತೋಟ ಉಳಿಸ್ಕೊಡಿ ಸಾಕು" ಅಂದರು. ಪತ್ರ ಬರೆಯಲಿಲ್ಲ. ಬದಲಿಗೆ ಬೆಂಗಳೂರಿನ ಮಗನನ್ನೂ ಊರಿನ ಹಿರಿಯರಿಬ್ಬರನ್ನೂ ಕೂರಿಸಿಕೊಂಡು ಮಾತು ಇತ್ಯರ್ಥ ಮಾಡಿಕೊಂಡೆವು. ಹಿಂದಿನ ವರ್ಷಗಳಲ್ಲಿ ಸರಾಸರಿ ಬೀಳುತ್ತಿದ್ದಷ್ಟು ಕಾಯಿ ಪೂರ್ತಿ ಅವರದು. ಅದಕ್ಕಿಂತ ಹೆಚ್ಚು ಬಂದದ್ದರಲ್ಲಿ ಸಮಪಾಲು. ಮರದ ನಡುವೆ ನಾವು ಬೆಳೆದದ್ದು ನಮ್ಮದು. ಮರ ಕಡಿಯುವುದು, ಹೊಸ ಬೋರ್ ಕೊರೆಸುವುದು ಅವರನ್ನು ಕೇಳದೆ ಇಲ್ಲ. ಪ್ರತಿ ಸಲ ಕಾಯಿ ಕೀಳಿಸುವಾಗ ಎಣಿಕೆ ಪುಸ್ತಕಕ್ಕೆ ಬರೆದು, ದೊಡ್ಡವ್ವನ ಮುಂದೆ ಓದುತ್ತೇನೆ. ಆ ಪುಸ್ತಕದ ಮೇಲೆ ಬೆಳೆದ ನಂಬಿಕೆಯಿಂದಲೇ ಎರಡನೇ ಜಮೀನು ಸಿಕ್ಕಿತು. ಅದು ಊರು ಬಿಟ್ಟ ಮೇಷ್ಟ್ರೊಬ್ಬರ ಒಂದೂವರೆ ಎಕರೆ ಹೊಲ.

ದೊಡ್ಡವ್ವನ ತೋಟವನ್ನು ವರ್ಷಕ್ಕೆ ಹಲವು ಸಲ ಉಳುಮೆ ಮಾಡಿಸುತ್ತಿದ್ದರು. ತೆಂಗಿನ ಉಣ್ಣುವ ಬೇರುಗಳಲ್ಲಿ ಹೆಚ್ಚಿನವು ಬುಡದಿಂದ ಆರು ಏಳು ಅಡಿಯೊಳಗೆ, ಮೇಲ್ಮಣ್ಣಿನಲ್ಲೇ ಹರಡಿರುತ್ತವೆ. ಉಳುಮೆಯ ಪ್ರತಿ ಸಾಲೂ ಅವನ್ನು ಕತ್ತರಿಸಿತ್ತು. ಉದುರಿದ ಗರಿಯನ್ನೆಲ್ಲ ಬದುವಿನ ಮೇಲೆ ಸುಡುತ್ತಿದ್ದರು. ಒಂದು ಮರ ತಿಂಗಳಿಗೊಂದರಂತೆ ವರ್ಷಕ್ಕೆ ಹನ್ನೆರಡು ಗರಿ ಉದುರಿಸುತ್ತದೆ. ಎರಡು ಎಕರೆಗೆ ಸಾವಿರಕ್ಕೂ ಮೇಲೆ. ಹೊದಿಕೆಗೆ ಬೇರೆಲ್ಲೂ ಹುಡುಕುವುದೇ ಬೇಡ. ಗರಿಗಳನ್ನು ಮೂರು ತುಂಡು ಮಾಡಿ ಸಾಲಿನ ನಡುವೆ ಹಾಸಿದೆವು. ಇಳಿಜಾರಿಗೆ ಅಡ್ಡ ಟ್ರೆಂಚ್ ತೋಡಿ ತೆಂಗಿನ ಸಿಪ್ಪೆ ತುಂಬಿದೆವು, ಬೇಲಿಗೆ ಸೊಪ್ಪಿನ ಗೊಬ್ಬರದ ಗಿಡವಾದ ಗ್ಲಿರಿಸೀಡಿಯಾ ನೆಟ್ಟೆವು. ಗೆದ್ದಲು ಹತ್ತುತ್ತದೆ ಎಂದು ಬೈದವರು ಬಹಳ. ಗೆದ್ದಲು ಬಂದದ್ದು ಒಣಗಿದ ಗರಿಗೆ. ಬದುಕಿದ ಮರಕ್ಕೆ ತೊಂದರೆ ಕಾಣಲಿಲ್ಲ. ಅದಕ್ಕಿಂತ ಎಚ್ಚರ ಬೇಕಾದದ್ದು ತಿಪ್ಪೆಯ ಬಗ್ಗೆ. ಸುಳಿ ಕೊರೆಯುವ ರೈನೋಸಿರಸ್ ದುಂಬಿ ಮೊಟ್ಟೆ ಇಡುವುದು ಅಲ್ಲೇ. ತಿಪ್ಪೆ ಮಗುಚುವಾಗ ಸಿಕ್ಕ ಬಿಳಿ ಹುಳುಗಳನ್ನು ಕೋಳಿಗಳಿಗೆ ಬಿಡುತ್ತೇವೆ, ಆ ಹುಳುಗಳನ್ನು ಕೊಲ್ಲುವ ಮೆಟಾರೈಜಿಯಂ ಶಿಲೀಂಧ್ರವನ್ನೂ ತಿಪ್ಪೆಗೆ ಬೆರೆಸುತ್ತೇವೆ.

ಹಳೇ ತೋಟವಾದ್ದರಿಂದ ಮರ ಎತ್ತರ ಹೋಗಿ ನೆಲಕ್ಕೆ ಬಿಸಿಲು ಧಾರಾಳ. ಬಾಳೆ, ಕೆಸ, ಅರಿಶಿನ, ನುಗ್ಗೆ, ಬೇಲಿಗುಂಟ ಹೀರೆ ಮತ್ತು ಬಳ್ಳಿ ಅವರೆ ಇಟ್ಟೆವು. ಮೊದಲ ಮೂರು ವರ್ಷ ಆ ತೋಟದಿಂದ ನಮ್ಮ ಕೈಗೆ ದುಡ್ಡು ಬಂದದ್ದು ಇವುಗಳಿಂದ ಮಾತ್ರ.

ಮೇಷ್ಟ್ರ ಹೊಲದ ಮಣ್ಣು ಇಟ್ಟಿಗೆ ಪುಡಿಯಂತಿತ್ತು. ಏಪ್ರಿಲ್ ಕೊನೆಯ ಭರಣಿ ಮಳೆಗೆ ಅಲಸಂದೆ, ಹುರುಳಿ, ಅಪ್ಸೆಣಬು, ಹೆಸರು, ಎಳ್ಳು, ಜೋಳ ಎಲ್ಲ ಬೆರೆಸಿ ಚೆಲ್ಲಿದೆವು. ಹೂ ಬಿಡುವ ಹೊತ್ತಿಗೆ, ಸುಮಾರು ಐವತ್ತೈದು ದಿನಕ್ಕೆ, ಕೊಯ್ದು ಅಲ್ಲೇ ಹಾಸಿದೆವು. ಮೊದಲ ವರ್ಷ ಆಮೇಲೆ ಹುರುಳಿ ಬಿಟ್ಟು ಬೇರೇನೂ ಕೇಳಲಿಲ್ಲ. ಎರಡನೇ ವರ್ಷದಿಂದ ಹೀಗೇ ಹಸಿರೆಲೆ ಗೊಬ್ಬರ ಕೊಟ್ಟು, ಜುಲೈನ ಪುನರ್ವಸು ಪುಷ್ಯ ಮಳೆಗಳ ನಡುವೆ ಕೂರಿಗೆಯಲ್ಲಿ ರಾಗಿ ಬಿತ್ತನೆ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಅಲ್ಲಲ್ಲಿ ಅಕ್ಕಡಿಯಾಗಿ, ಅಂದರೆ ನಡುವಿನ ಮಿಶ್ರ ಬೆಳೆಯಾಗಿ, ಅವರೆ, ಅಂಚಿಗೆ ಹುಚ್ಚೆಳ್ಳು. ಹುಚ್ಚೆಳ್ಳು ಹೂವಾದಾಗ ಜೇನು ಬರುವುದು ನೋಡಿ ಪಕ್ಕದವರೂ ಬೀಜ ಕೇಳಿದರು. ರಾಗಿಯಲ್ಲಿ ಕುಂಟೆ ಹೊಡೆಯುತ್ತೇವೆ. ಕಳೆಯ ಕಾಟಕ್ಕೆ ಕುಂಟೆ ಪೂರ್ತಿ ಬಿಡಲು ನಮ್ಮ ಹೊಲದಲ್ಲಿ ಆಗುವುದಿಲ್ಲ. ಕೃಷಿ ಇಲಾಖೆಯಲ್ಲಿ ಮಣ್ಣು ಪರೀಕ್ಷೆಗೆ ಕೊಟ್ಟರೆ ಚೀಟಿಯಲ್ಲಿ ಸಾವಯವ ಇಂಗಾಲ ಬರೆದಿರುತ್ತದೆ. ಶೇಕಡಾ 0.5ಕ್ಕಿಂತ ಕಡಿಮೆಯಿದ್ದರೆ ಬಡ ಮಣ್ಣು, 0.75 ದಾಟಿದರೆ ಒಳ್ಳೆಯದು. ಹಿಡಿಯುವ ಜಮೀನಿನ ಚೀಟಿಯನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಒಡೆಯರಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ನಿಜವಾಗಿ ನಮ್ಮ ಕೈ ಕಟ್ಟುವುದು ಗೊಬ್ಬರ. ಖುಷ್ಕಿ ರಾಗಿಗೆ ಎಕರೆಗೆ ಮೂರು ಟನ್ ಕೊಟ್ಟಿಗೆ ಗೊಬ್ಬರ ಎಂದು ಕೃಷಿ ವಿಶ್ವವಿದ್ಯಾಲಯದವರು ಹೇಳುತ್ತಾರೆ. ನಾಟಿ ಹಸು ದಿನಕ್ಕೆ ಹತ್ತು ಕೆಜಿ ಸಗಣಿ ಹಾಕಿದರೆ ವರ್ಷಕ್ಕೆ ಮೂರೂವರೆ ಟನ್. ಕಳಿತು ಗೊಬ್ಬರವಾಗುವಾಗ ಅರ್ಧಕ್ಕೆ ಇಳಿಯುತ್ತದೆ. ಎಂದರೆ ಎಕರೆಗೆ ಎರಡು ರಾಸು. ಅಷ್ಟು ರಾಸಿಗೆ ಮೇವು ಎಲ್ಲಿಂದ? ರಾಗಿ ಹುಲ್ಲು, ಬದುವಿನ ಹುಲ್ಲು ಎಷ್ಟು ಸಾಕುತ್ತದೋ ಅಷ್ಟೇ ಕಟ್ಟಿದ್ದೇವೆ. ಉಳಿದದ್ದಕ್ಕೆ ಕುರಿ ಮಂದೆ. ಬೇಸಿಗೆಯಲ್ಲಿ ಶಿರಾ ಕಡೆಯಿಂದ ಬರುವ ಕುರಿಗಾಹಿಗಳು ರಾತ್ರಿ ಹೊಲದಲ್ಲಿ ಮಂದೆ ಹಾಕುತ್ತಾರೆ; ನಾವು ದುಡ್ಡೂ ರಾಗಿಯೂ ಕೊಡುತ್ತೇವೆ. ಹಿಕ್ಕೆಯ ಜೊತೆಗೆ ಗಂಜಲವೂ ನೇರ ಮಣ್ಣಿಗೆ ಬೀಳುವುದರಿಂದ ಸಾಗಣೆ ಖರ್ಚೇ ಇಲ್ಲ. ಇಂಥ ಹಳೇ ವ್ಯವಸ್ಥೆಗೆ ಯಾವ ಯೋಜನೆಯೂ ಬೆಲೆ ಕೊಡದಿರುವುದು ನನಗೆ ನೋವಿನ ವಿಷಯ.

ಇನ್ನು ಮಾರಾಟ. ವಾರದ ಜಮೀನಿನ ರಾಗಿಯನ್ನು ನಮ್ಮ ಹೆಸರಲ್ಲಿ ಬೆಂಬಲ ಬೆಲೆ ಕೇಂದ್ರಕ್ಕೆ ಹಾಕಲು ಆಗುವುದಿಲ್ಲ. ಪಹಣಿ ಯಾರ ಹೆಸರಲ್ಲಿದೆಯೋ ಅವರ ಫ್ರೂಟ್ಸ್ ಸಂಖ್ಯೆಯೇ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಬೇಕು. ಬೆಳೆ ಸಾಲ, ಬೆಳೆ ವಿಮೆಗೂ ಇದೇ ಗೋಳು. ಆದ್ದರಿಂದ ಉಣ್ಣುವ ಮನೆಗಳನ್ನು ಮೊದಲು ಗೊತ್ತು ಮಾಡಿಕೊಂಡು ಆಮೇಲೆ ಜಮೀನು ಹಿಡಿದೆವು. ಪೇಟೆಯ ಮನೆಗೆ ವರ್ಷಕ್ಕೆ ಒಂದು ಕ್ವಿಂಟಾಲ್ ರಾಗಿ ಸಾಕು. ನಮ್ಮಲ್ಲಿ ಎಕರೆಗೆ ಆರು ಕ್ವಿಂಟಾಲ್ ನೆಚ್ಚಬಹುದು. ಹೊಸ ಎಕರೆ ಎಂದರೆ ಆರು ಮನೆ. ಅವರು ಯುಗಾದಿಗೆ ಅರ್ಧ ದುಡ್ಡು ಕೊಡುತ್ತಾರೆ, ಬೀಜ, ಕಳೆ, ಕೊಯ್ಲಿನ ಕೂಲಿಗೆ ಅದೇ ಬಂಡವಾಳ. ಸಂಕ್ರಾಂತಿ ಕಳೆದ ಮೇಲೆ ರಾಗಿ ತಲುಪಿಸಿ ಉಳಿದ ದುಡ್ಡು ತರುತ್ತೇವೆ. ಮಳೆ ಕೈಕೊಟ್ಟರೆ ಇದ್ದದ್ದನ್ನೇ ಎಲ್ಲರಿಗೂ ಹಂಚುವುದು ಎಂದು ಮೊದಲೇ ಹೇಳಿರುತ್ತೇವೆ.

ಬೆಲೆ ಎರಡು ಬಗೆ. ಊರಿನವರಿಗೆ ಬೆಂಬಲ ಬೆಲೆಯೇ ನಮ್ಮ ಬೆಲೆ. 2025-26ಕ್ಕೆ ಅದು ಕ್ವಿಂಟಾಲಿಗೆ 4,886 ರೂಪಾಯಿ. ಪೇಟೆಗೆ ಚೊಕ್ಕ ಮಾಡಿ ಮನೆಗೆ ಮುಟ್ಟಿಸುವ ಖರ್ಚು ಸೇರಿಸಿ ಹೆಚ್ಚು. ಬೆಂಗಳೂರಿನ ಅಂಗಡಿಯೊಂದು ಎಲ್ಲ ರಾಗಿಯನ್ನೂ ಒಟ್ಟಿಗೆ ಕೇಳಿತ್ತು, ದುಡ್ಡೂ ಜಾಸ್ತಿ. ಒಪ್ಪಲಿಲ್ಲ. ನಮ್ಮ ಕಳೆ ತೆಗೆಯುವ ಹೆಂಗಸರ ಮನೆಗೇ ಈ ರಾಗಿ ಸಿಗದಿದ್ದರೆ ಈ ಬೇಸಾಯ ನನಗೆ ಬೇಡ. ಅವರಲ್ಲಿ ಕೆಲವರು ಕೂಲಿಯ ಒಂದು ಭಾಗವನ್ನು ಕಾಳಿನಲ್ಲೇ ಒಯ್ಯುತ್ತಾರೆ, ಇನ್ನು ಕೆಲವರ ಜೊತೆ ಮುಯ್ಯಾಳು, ಅಂದರೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ದುಡಿದು ತೀರಿಸುವುದು, ನಡೆಯುತ್ತದೆ. ಕಳೆ ಕೀಳುವ ವಾರದಲ್ಲಿ ಆಳು ಸಿಗದ ಊರಲ್ಲಿ ಇದರಿಂದಲೇ ನಮಗೆ ಕೆಲಸ ಸಾಗಿದೆ.

ಸಾವಯವ ಪ್ರಮಾಣಪತ್ರದ ಬಗ್ಗೆ ಕೇಳುವವರಿದ್ದಾರೆ. ರೈತರೇ ಒಬ್ಬರಿಗೊಬ್ಬರು ಖಾತ್ರಿ ಕೊಡುವ ಪಿಜಿಎಸ್ ಪದ್ಧತಿಯಲ್ಲಿ ಐದು ರೈತರಾದರೂ ಗುಂಪಾಗಿ ಒಬ್ಬರ ಹೊಲ ಇನ್ನೊಬ್ಬರು ನೋಡಿ ಒಪ್ಪಬೇಕು. ಆ ಗುಂಪಿಗೆ ಊರಲ್ಲಿ ಮನೆಗಳನ್ನು ಒಟ್ಟುಹಾಕುತ್ತಿದ್ದೇವೆ. ಸದ್ಯಕ್ಕೆ ನಮ್ಮ ಗಿರಾಕಿಗಳು ಭಾನುವಾರ ಬಂದು ಹೊಲ ನೋಡಿ ಹೋಗುತ್ತಾರೆ.

ಹೋದ ದೀಪಾವಳಿಗೆ ಮೂರನೆಯವರು ತಮ್ಮ ಎರಡು ಎಕರೆ ಮಾಡಿ ಎಂದು ಕೇಳಿದರು. ಕೇಳುವ ಮನೆಗಳಿವೆ, ಗೊಬ್ಬರ ಇಲ್ಲ. ಈ ಬೇಸಿಗೆಗೆ ಇನ್ನೊಂದು ಮಂದೆಗೆ ಹೇಳಿದ್ದೇವೆ. ಕುರಿ ಬಂದರೆ ಆ ಹೊಲದಲ್ಲಿ ಭರಣಿ ಮಳೆಗೆ ಹಸಿರೆಲೆ ಬೀಜ ಚೆಲ್ಲುತ್ತೇವೆ. ಬರದಿದ್ದರೆ ಮುಂದಿನ ವರ್ಷ ನೋಡೋಣ ಎಂದು ಅವರಿಗೆ ತಿಳಿಸಿದ್ದೇನೆ.