ಎರೆ ರಾಡಿಗೆ ಥಾರಾ, ಜಿಮ್ನಿನಾ?

ಫೋರ್ ಬೈ ಫೋರ್, ಅಂದರೆ ನಾಲ್ಕೂ ಗಾಲಿಗೆ ಎಂಜಿನ್ ಶಕ್ತಿ ಹೋಗುವ ಗಾಡಿ ತಗೊಳ್ಳುವುದಕ್ಕೆ ಮನೆಯಲ್ಲಿ ಒಪ್ಪಿಗೆ ಸಿಕ್ಕ ಮೇಲೆ ನನ್ನ ಮುಂದೆ ಉಳಿದದ್ದು ಎರಡು ಹೆಸರು: ಮಹೀಂದ್ರಾ ಥಾರ್, ಮಾರುತಿ ಜಿಮ್ನಿ. ಐದು ಬಾಗಿಲಿನ ಥಾರ್ ರಾಕ್ಸ್ 2024ರಲ್ಲೇ ಬಂದಿತ್ತು. ಆದರೆ ಫೋರ್ ಬೈ ಫೋರ್ ಬೇಕೆಂದರೆ ಅದರ ಬೆಲೆ ನನ್ನ ಕೈಗೆ ಎಟುಕುವಂಥದ್ದಲ್ಲ. ಫೋರ್ಸ್ ಕಂಪನಿಯ ಗುರ್ಖಾ ನಮ್ಮ ಓಣಿಯೊಳಗೆ ತಿರುಗುವುದಿಲ್ಲ.

ಮೂರು ಬಾಗಿಲಿನ ಥಾರ್ ಮತ್ತು ಜಿಮ್ನಿ ಕಾಗದದ ಮೇಲೆ ಅವಳಿ-ಜವಳಿ ಇದ್ದಂಗೆ. ಎರಡರ ಉದ್ದವೂ 3985 ಮಿಲಿಮೀಟರ್. ಎರಡಕ್ಕೂ ಏಣಿಯಂಥ ಲ್ಯಾಡರ್ ಚಾಸಿ, ನಾಲ್ಕೇ ಸೀಟು, ಗೇರ್ ಪಕ್ಕದಲ್ಲಿ 4ಎಚ್ (ನಾಲ್ಕೂ ಗಾಲಿಗೆ ಶಕ್ತಿ, ಮಾಮೂಲಿ ವೇಗ), 4ಎಲ್ (ನಾಲ್ಕೂ ಗಾಲಿಗೆ ಶಕ್ತಿ, ನಿಧಾನ ಆದರೆ ಹೆಚ್ಚು ಬಲ) ಹಾಕುವ ಸಣ್ಣ ಲಿವರ್. ಹತ್ತು ಲಕ್ಷ ದಾಟುವ ಗಾಡಿಗಳಾದ್ದರಿಂದ ರೋಡ್ ಟ್ಯಾಕ್ಸ್ ದರವೂ ಒಂದೇ, 17 ಪರ್ಸೆಂಟ್, ಅದರ ಮೇಲೆ ಸೆಸ್. ಇವೆರಡನ್ನೂ ಹೋಲಿಸಿದ ವಿಡಿಯೋ ಬೇಕಾದಷ್ಟಿವೆ. ಒಂದರಲ್ಲಿ ಕಲ್ಲು ಬಂಡೆ, ಇನ್ನೊಂದರಲ್ಲಿ ಮರಳು, ಮತ್ತೊಂದರಲ್ಲಿ ಹಿಮ. ಎರೆ ಮಣ್ಣಿನಲ್ಲಿ ಇಳಿಸಿದವರು ಯಾರೂ ನನಗೆ ಸಿಗಲಿಲ್ಲ.

ನನಗೆ ಬೇಕಾಗಿದ್ದು ಅದೇ. ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯಲ್ಲಿ, ಹೊಲ ಅಣ್ಣಿಗೇರಿ ಕಡೆ. ಡಾಂಬರು ರಸ್ತೆ ಬಿಟ್ಟ ಮೇಲೆ ಹೊಲದವರೆಗೆ ಹಳೇ ಚಕ್ಕಡಿ ದಾರಿ. ಬೇಸಿಗೆಯಲ್ಲಿ ಅಲ್ಲಿ ಆಲ್ಟೋ ಕೂಡ ಹೋಗುತ್ತದೆ. ಮಳೆ ಬಿದ್ದರೆ ಕಥೆಯೇ ಬೇರೆ. ಎರೆ ಮಣ್ಣು ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಟೈರಿನ ಹಲ್ಲುಗಳ ಸಂದಿಯೆಲ್ಲ ತುಂಬಿಕೊಂಡು, ನಾಲ್ಕು ಸುತ್ತು ಉರುಳುವಷ್ಟರಲ್ಲಿ ಗಾಲಿ ನುಣ್ಣಗೆ ಕರೀ ಉಂಡೆ ಆಗಿರುತ್ತದೆ. ಆಮೇಲೆ ಮಡ್‌ಗಾರ್ಡ್ ಒಳಗೂ ತುಂಬಿ ಗಾಲಿಯನ್ನೇ ಹಿಡಿದುಬಿಡುತ್ತದೆ. ಇಂಥ ಕಡೆ ನಾಲ್ಕೂ ಗಾಲಿಗೆ ಶಕ್ತಿ ಹೋದರೂ ನಾಲ್ಕೂ ಜಾರುತ್ತವೆ, ಅಷ್ಟೇ.

ಶೋರೂಮ್‌ನವರು ಟೆಸ್ಟ್ ಡ್ರೈವ್ ಅಂತ ಗೋಕುಲ ರೋಡಿನಲ್ಲಿ ಒಂದು ಸುತ್ತು ಕೊಡುತ್ತಾರೆ. ಅದರಿಂದ ಸೀಟು ಮೆತ್ತಗಿದೆ ಅಂತ ಗೊತ್ತಾಗುತ್ತದೆ, ಮತ್ತೇನೂ ಇಲ್ಲ. ಅದಕ್ಕೇ ನಾನು ಮೊದಲು ದಾರಿಯನ್ನೇ ಅಳೆಯಲು ಹೋದೆ. ಮಳೆ ನಿಂತು ನೆಲ ಗಟ್ಟಿಯಾದಾಗ ಟೇಪ್ ಮತ್ತು ಒಂದು ಉದ್ದ ಕಟ್ಟಿಗೆ ಹಿಡಿದುಕೊಂಡು ಹೊರಟೆ. ಟ್ರ್ಯಾಕ್ಟರ್ ಗಾಲಿ ಕೊರೆದ ಎರಡು ಜಾಡು, ನಡುವೆ ದಿಬ್ಬ. ದಿಬ್ಬದ ಮೇಲೆ ಕಟ್ಟಿಗೆ ಅಡ್ಡ ಇಟ್ಟು, ಅಲ್ಲಿಂದ ಜಾಡಿನ ತಳದವರೆಗೆ ಟೇಪ್ ಇಳಿಸಬೇಕು. ಪಕ್ಕದ ಹೊಲದ ಕಾಕಾ ಬಂದು ನಿಂತರು. "ಏನೋ ತಮ್ಮಾ, ಸರ್ವೆ ಮಾಡ್ಲಿಕತ್ತಿಯೇನು? ರಸ್ತಾ ಮಾಡ್ತಾರಂತೇನು?" ಗಾಡಿ ತಗೊಳ್ಳಾಕ ಅಂದೆ. "ಗಾಡಿ ತಗೊಳ್ಳಾಕ ನೆಲಾ ಯಾಕ ಅಳೀತಿ? ಟ್ರ್ಯಾಕ್ಟರ್ ತಗೋ" ಅಂದರು. ತಪ್ಪೇನಿಲ್ಲ, ಅಲ್ವಾ?

ಅಳತೆ ಹೇಳಿದ್ದು ಇಷ್ಟು. ಹೆಚ್ಚಿನ ಕಡೆ ಜಾಡಿನ ಆಳ 15ರಿಂದ 18 ಸೆಂಟಿಮೀಟರ್. ಹಳ್ಳಕ್ಕೆ ಇಳಿಯುವಲ್ಲಿ 25 ದಾಟಿತ್ತು. ಥಾರ್‌ನ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವಿನ ಅಂತರ, 226 ಮಿಲಿಮೀಟರ್, ಜಿಮ್ನಿಯದು 210. 18 ಸೆಂಟಿಮೀಟರ್ ಇರುವಲ್ಲಿ ಎರಡೂ ಪಾಸ್, 25 ಇರುವಲ್ಲಿ ಎರಡೂ ಫೇಲ್. ಜನ ಇಷ್ಟು ವಾದ ಮಾಡುವ ಆ 16 ಮಿಲಿಮೀಟರ್‌ಗೆ ನನ್ನ ದಾರಿಯಲ್ಲಿ ಕೆಲಸವೇ ಇಲ್ಲ. ಆಳ ಜಾಸ್ತಿ ಇರುವಲ್ಲಿ ಜಾಡು ಬಿಟ್ಟು, ಒಂದು ಗಾಲಿ ದಿಬ್ಬದ ಮೇಲೆ, ಇನ್ನೊಂದು ಒಡ್ಡಿನ ಅಂಚಿಗೆ ಇಟ್ಟು ದಾಟಿಸಬೇಕು. ಅಲ್ಲಿ ಲೆಕ್ಕಕ್ಕೆ ಬರುವುದು ಅಗಲ. ಒಂದು ಕಡೆ ಒಡ್ಡು, ಇನ್ನೊಂದು ಕಡೆ ಜಾಲಿ ಗಿಡ. ಜಿಮ್ನಿ 1645 ಮಿಲಿಮೀಟರ್ ಅಗಲ, ಥಾರ್ 1820. ಈ ವ್ಯತ್ಯಾಸ ಜಾಲಿ ಮುಳ್ಳಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಆಮೇಲೆ ಎರಡೂ ಗಾಡಿಗಳ ಕೆಳಗೆ ಬ್ಯಾಟರಿ ಹಿಡಿದು ಮಲಗಿ ನೋಡಿದೆ. ಜಿಮ್ನಿಗೆ ಮುಂದೂ ಹಿಂದೂ ರಿಜಿಡ್ ಆಕ್ಸಲ್, ಅಂದರೆ ಎಡ ಬಲ ಗಾಲಿಗಳನ್ನು ಜೋಡಿಸುವ ಒಂದೇ ಗಟ್ಟಿ ಅಚ್ಚು. ಥಾರ್‌ಗೆ ಹಿಂದೆ ಮಾತ್ರ, ಮುಂದೆ ಪ್ರತಿ ಗಾಲಿಯೂ ಬೇರೆ ಬೇರೆ ಏರಿಳಿಯುವ ಇಂಡಿಪೆಂಡೆಂಟ್ ಸಸ್ಪೆನ್ಷನ್. ರಿಜಿಡ್ ಆಕ್ಸಲ್ ಇದ್ದಲ್ಲಿ ಡಿಫರೆನ್ಷಿಯಲ್ (ಎರಡು ಗಾಲಿಗಳಿಗೆ ಶಕ್ತಿ ಹಂಚುವ ಗೇರ್‌ಗಳು) ಇರುವ ಹೌಸಿಂಗ್ ಗಾಲಿಯ ಜೊತೆಗೇ ಏರಿ ಇಳಿಯುತ್ತದೆ. ಗಾಡಿ ಧಡ್ ಅಂತ ಕುಸಿದರೂ ನೆಲದಿಂದ ಅದರ ಎತ್ತರ ಬದಲಾಗುವುದಿಲ್ಲ. ಇಂಡಿಪೆಂಡೆಂಟ್‌ನಲ್ಲಿ ಅದು ಚಾಸಿಗೆ ಕೂತಿರುವುದರಿಂದ, ಮೂತಿ ಕುಸಿದರೆ ಅದೂ ನೆಲದ ಹತ್ತಿರ ಬರುತ್ತದೆ. ಆದರೆ ಇಂಡಿಪೆಂಡೆಂಟ್ ಇರುವುದರಿಂದಲೇ ಡಾಂಬರಿನ ಮೇಲೆ ಥಾರ್‌ನ ಸ್ಟೇರಿಂಗ್ ಹೆಚ್ಚು ನೇರ ನಿಲ್ಲುತ್ತದೆ ಅಂತ ನನ್ನ ಅನಿಸಿಕೆ.

ಮಳೆ ಬಂದ ಮರುದಿನಕ್ಕೆ ಗೆಳೆಯನ ಡೀಸೆಲ್ ಥಾರ್ ಮತ್ತು ಸಂಬಂಧಿಕರೊಬ್ಬರ ಜಿಮ್ನಿ ಕೇಳಿ ತಂದೆ. ಥಾರ್ ಎಂಜಿನ್ ಬಗ್ಗೆ ಎರಡು ಮಾತಿಲ್ಲ. 2.2 ಲೀಟರ್ ಡೀಸೆಲ್, 130 ಹಾರ್ಸ್‌ಪವರ್, 1600 ಆರ್‌ಪಿಎಂಗೇ 300 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಕ್ಲಚ್ ಬಿಟ್ಟರೆ ಸಾಕು, ಆಕ್ಸಿಲರೇಟರ್ ಮುಟ್ಟದೆ ನಡೆದುಬಿಡುತ್ತದೆ. ಜಿಮ್ನಿಯ 1.5 ಲೀಟರ್ ಪೆಟ್ರೋಲ್‌ಗೆ ಇರುವುದು 134 ನ್ಯೂಟನ್ ಮೀಟರ್, ಅದೂ 4000 ಆರ್‌ಪಿಎಂಗೆ ಸಿಗುವುದು. 4ಎಲ್ ಹಾಕಿದ ಮೇಲೆ ಆ ಕೊರತೆ ಅಷ್ಟಾಗಿ ಕಾಣಲಿಲ್ಲ. ಕಂಡದ್ದು ತೂಕ. ಜಿಮ್ನಿ 1200 ಕೆಜಿ ಆಸುಪಾಸು, ಥಾರ್ ಅದಕ್ಕಿಂತ ಅರ್ಧ ಟನ್ ಹತ್ತಿರ ಜಾಸ್ತಿ. ಗಟ್ಟಿ ನೆಲದ ಮೇಲೆ ತೂಕ ಹಿಡಿತ ಕೊಡುತ್ತದೆ. ಎರೆಯಲ್ಲಿ ಮೇಲಿನ ಪದರ ಒಡೆದರೆ ಕೆಳಗೆ ಇನ್ನೂ ಮೆತ್ತಗಿನ ಮಣ್ಣು. ಹಗುರ ಗಾಡಿ ಆ ಪದರ ಒಡೆಯುವ ಮೊದಲೇ ದಾಟಿಬಿಡುತ್ತದೆ.

ಥಾರ್ ಪರವಾಗಿ ಒಂದು ಮಾತು ಹೇಳಲೇಬೇಕು, ಅದರ ಗಾಲಿ ದೊಡ್ಡದು. ಟೈರಿನ ಬದಿಯ ಬರಹ ಓದಿ ಲೆಕ್ಕ ಹಾಕಿ. 255/65 ಆರ್18 ಅಂದರೆ ಎತ್ತರ ಸುಮಾರು 79 ಸೆಂಟಿಮೀಟರ್. ಜಿಮ್ನಿಯ 195/80 ಆರ್15 ಸುಮಾರು 69. ದೊಡ್ಡ ಗಾಲಿ ಗುಂಡಿಯಿಂದ ಸಲೀಸಾಗಿ ಮೇಲೆ ಬರುತ್ತದೆ. ನೀರಿನಲ್ಲೂ ಥಾರ್‌ಗೆ 650 ಮಿಲಿಮೀಟರ್ ಆಳದವರೆಗೆ ಹೋಗಬಹುದು ಎಂದು ಕಂಪನಿ ಹೇಳುತ್ತದೆ. ಆದರೆ ಅದು ನಿಂತ ನೀರಿನ ಮಾತು ಅಂತ ನಾನು ತಿಳಿಯುತ್ತೇನೆ. ಬೆಣ್ಣಿಹಳ್ಳ ತುಂಬಿ ಸೇತುವೆ ಮೇಲೆ ಹರಿಯುವಾಗ ಥಾರ್ ಆದರೇನು, ಲಾರಿ ಆದರೇನು, ಈಚೆ ದಂಡೆಯಲ್ಲಿ ನಿಲ್ಲಿಸಿ ಚಹಾ ಕುಡಿಯಬೇಕು.

ಜಿಮ್ನಿಯಲ್ಲಿ ಒಂದು ವಿಷಯ ಕೈಗೆ ಹತ್ತಬೇಕು. ಅದಕ್ಕೆ ಎಡ ಬಲ ಗಾಲಿಗಳನ್ನು ಒಟ್ಟಿಗೇ ತಿರುಗಿಸುವ ಡಿಫರೆನ್ಷಿಯಲ್ ಲಾಕ್ ಇಲ್ಲ, ಥಾರ್‌ನ ಕೆಲವು ವೇರಿಯಂಟ್‌ಗಳಲ್ಲಿ ಹಿಂದಿನ ಆಕ್ಸಲ್‌ಗೆ ಇದೆ. ಜಿಮ್ನಿ ಬ್ರೇಕ್ ಮೂಲಕ ಆ ಕೆಲಸ ಮಾಡುತ್ತದೆ. ಜಾರುವ ಗಾಲಿಗೆ ತಾನೇ ಬ್ರೇಕ್ ಹಿಡಿದು, ಹಿಡಿತ ಇರುವ ಗಾಲಿಗೆ ಶಕ್ತಿ ಕಳಿಸುತ್ತದೆ. ಗಾಲಿ ಸುಮ್ನೆ ತಿರುಗುವಾಗ ನಮ್ಮ ಕಾಲು ತಾನಾಗಿ ಆಕ್ಸಿಲರೇಟರ್ ಬಿಡುತ್ತದೆ. ಬಿಡಬಾರದು. ಒಂದೇ ಸಮ ಒತ್ತಿ ಹಿಡಿದರೆ ಕೆಳಗಿಂದ ಕರ್ ಕರ್ ಅನ್ನುವ ಸದ್ದು ಬರುತ್ತದೆ, ಆಮೇಲೆ ಗಾಡಿ ಮೆಲ್ಲಗೆ ಮುಂದೆ ಸರಿಯುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಮನಸ್ಸು ಥಾರ್ ಕಡೆ ವಾಲುತ್ತಿತ್ತು, ನೋಟ ಹಾಗಿದೆ. ತೂಗುಯ್ಯಾಲೆ ನಿಲ್ಲಿಸಿದವಳು ಅವ್ವ. ಥಾರ್‌ನ ಹಿಂದಿನ ಸೀಟಿಗೆ ಹೋಗಲು ಮುಂದಿನ ಸೀಟು ಮಡಚಿ, ಬಾಗಿ, ನುಸುಳಬೇಕು. ಇಳಕಲ್ ಸೀರೆ ಉಟ್ಟು, ಮೊಣಕಾಲು ನೋವು ಇಟ್ಟುಕೊಂಡು ಅವಳು ಒಂದು ಕಾಲು ಇಟ್ಟು ನೋಡಿದಳು. "ನಾ ಬಸ್ಸಿಗೆ ಬರ್ತೀನಪಾ, ನೀವು ಹೋಗ್ರಿ" ಅಂದಳು. ಜಿಮ್ನಿಗೆ ಹಿಂದೆ ಎರಡು ಬಾಗಿಲಿವೆ. ಮಾತು ಮುಗಿಯಿತು. ಪೆಟ್ರೋಲ್, ಮ್ಯಾನ್ಯುವಲ್ ಬುಕ್ ಮಾಡಿದೆ. ಡೀಸೆಲ್ ಅಲ್ಲದ್ದು ಒಂದು ರೀತಿ ಒಳ್ಳೆಯದೇ. ಊರೊಳಗಿನ ಸಣ್ಣ ಓಡಾಟವೇ ಜಾಸ್ತಿಯಾದರೆ ಈಗಿನ ಡೀಸೆಲ್ ಗಾಡಿಗಳ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಬಳಸುತ್ತಾ ಬಂದ ಮೇಲೆ ಕಂಡ ಕೊರತೆಗಳೂ ಇವೆ. ನಾಲ್ಕು ಜನ ಕೂತು ಎಸಿ ಹಾಕಿ ಹಾವೇರಿ ಕಡೆ ಹೊರಟರೆ, ಲಾರಿ ಹಿಂದಿಕ್ಕಲು ಗೇರ್ ಇಳಿಸಲೇಬೇಕು. ಹಿಂದಿನ ಸೀಟು ಮಡಚದಿದ್ದರೆ ಡಿಕ್ಕಿಯಲ್ಲಿ ಒಂದು ಚೀಲ ಕಡಲೆ ಹಿಡಿದರೆ ಹೆಚ್ಚು. ಟ್ಯಾಂಕ್ 40 ಲೀಟರ್, ಥಾರ್‌ನದು 57. ಟ್ರೇಲರ್ ಎಳೆಯುವ ಕೆಲಸ ಇದ್ದವರು ಸುಮ್ನೆ ಡೀಸೆಲ್ ಥಾರ್ ತಗೊಳ್ಳಿ, ವಾದವೇ ಬೇಡ.

ಯಾವುದೇ ತಗೊಂಡರೂ ಒಣ ಡಾಂಬರಿನ ಮೇಲೆ 4ಎಚ್ ಹಾಕಬೇಡಿ. ಎರಡರಲ್ಲೂ ಸೆಂಟರ್ ಡಿಫರೆನ್ಷಿಯಲ್, ಅಂದರೆ ಮುಂದಿನ ಹಿಂದಿನ ಆಕ್ಸಲ್ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್, ಇಲ್ಲ. ತಿರುವಿನಲ್ಲಿ ಮುಂದಿನ ಹಿಂದಿನ ಆಕ್ಸಲ್‌ಗಳು ಒಂದನ್ನೊಂದು ಎಳೆದಾಡಿ ಗೇರ್‌ಗಳ ಮೇಲೆ ಭಾರ ಬೀಳುತ್ತದೆ. ಇನ್ನು ಹೊಸ ಗಾಡಿ ಬಂತೆಂದು ಕಪ್ಪತಗುಡ್ಡದ ಇಳಿಜಾರಿಗೆ ನುಗ್ಗಿ ರೀಲ್ಸ್ ಮಾಡುವ ಹುಡುಗರಿಗೆ ಒಂದು ಮಾತು. ಅದು 2019ರಿಂದ ವನ್ಯಜೀವಿ ಧಾಮ, ಔಷಧಿ ಗಿಡಗಳ ಗುಡ್ಡ. ಗಾಲಿಗೆ ಕೆಲಸ ಬೇಕಿದ್ದರೆ ನಮ್ಮ ಹೊಲದ ದಾರಿಗೆ ಬನ್ನಿ.

ನಾನು ಖರ್ಚು ಮಾಡಿದ್ದು ಟೈರಿಗೆ. ಕಂಪನಿ ಟೈರು ಎರೆಗೆ ಅಲ್ಲ. 215/75 ಆರ್15 ಅಳತೆಯ, ಹಲ್ಲು ದೂರ ದೂರ ಇರುವ ಮಡ್ ಟೈರ್ ಹಾಕಿಸಿದೆ. ಹಲ್ಲುಗಳ ನಡುವೆ ಜಾಗ ಇದ್ದಷ್ಟೂ ಮಣ್ಣು ತಾನೇ ಸಿಡಿದು ಹೋಗುತ್ತದೆ. ಡಾಂಬರಿನ ಮೇಲೆ ಗೊಂಯ್ ಅನ್ನುತ್ತವೆ, ಅದಕ್ಕೆ ರೂಢಿಯಾಗಬೇಕು. ರಾಡಿಗೆ ಇಳಿಯುವ ಮೊದಲು ಗಾಳಿ 20 ಪಿಎಸ್‌ಐಗೆ ಇಳಿಸಿ, ಡಾಂಬರಿಗೆ ಬಂದ ಕೂಡಲೇ ಸಣ್ಣ ಪಂಪಿನಿಂದ ಮತ್ತೆ ತುಂಬುತ್ತೇನೆ. ಮನೆಗೆ ಬಂದ ಮೇಲೆ ಮಣ್ಣು ಹಸಿ ಇರುವಾಗಲೇ ತೊಳೆಯಬೇಕು. ರಿಮ್ಮಿನ ಒಳಬದಿಗೆ ಎರೆ ಒಣಗಿ ಕೂತರೆ, 80 ದಾಟಿದ ಕೂಡಲೇ ಸ್ಟೇರಿಂಗ್ ನಡುಗುತ್ತದೆ. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಅಂತ ದುಡ್ಡು ಕೊಡುವ ಮೊದಲು ಒಂದು ಕಟ್ಟಿಗೆ ತಗೊಂಡು ಒಳಗೆ ಕೆದರಿ ನೋಡಿ.