ತಂಗಿಯ ಮಕ್ಕಳನ್ನು ಬಾಲಮಂದಿರದಿಂದ ಮನೆಗೆ ಕರೆತಂದ ನನ್ನ ಅನುಭವ

ತಂಗಿ ತೀರಿಹೋದಾಗ ಅವಳ ಮಗಳಿಗೆ 11 ವರ್ಷ, ಮಗನಿಗೆ 7. ಮಕ್ಕಳ ಅಪ್ಪ ಬಿಟ್ಟು ಹೋಗಿ ಆಗಲೇ ನಾಲ್ಕು ವರ್ಷವಾಗಿತ್ತು. ಅವಳೊಬ್ಬಳೇ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್‌ಗೆ ಹೋಗಿ ಸಾಕುತ್ತಿದ್ದಳು. 2023ರಲ್ಲಿ ಕಾಯಿಲೆ ಜೋರಾಗಿ ಆಸ್ಪತ್ರೆ ಸೇರಿದಳು. ಬಾಡಿಗೆ ಮನೆಯಲ್ಲಿ ಮಕ್ಕಳಿಬ್ಬರೇ ಉಳಿದರು. ಪಕ್ಕದ ಮನೆಯವರು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರು. ನಾನು ಊರಿಂದ ಹೋಗುವಷ್ಟರಲ್ಲಿ ಮಕ್ಕಳನ್ನು ಮಕ್ಕಳ ಕಲ್ಯಾಣ ಸಮಿತಿಯ (ನೋಡಿಕೊಳ್ಳುವವರಿಲ್ಲದ ಮಕ್ಕಳು ಎಲ್ಲಿರಬೇಕು ಅಂತ ತೀರ್ಮಾನಿಸುವ ಸಮಿತಿ) ಮುಂದೆ ಹಾಜರುಪಡಿಸಿ ಆಗಿತ್ತು. ಹುಡುಗಿ ಬಾಲಕಿಯರ ಸರ್ಕಾರಿ ಬಾಲಮಂದಿರದಲ್ಲಿ, ಹುಡುಗ ಬಾಲಕರ ಬಾಲಮಂದಿರದಲ್ಲಿ. ನಾಲ್ಕನೇ ದಿನ ತಂಗಿ ತೀರಿಕೊಂಡಳು.

ಕಾರ್ಯ ಮುಗಿದ ಮೇಲೆ ನೆಂಟರೆಲ್ಲ ಒಂದೇ ಮಾತು ಹೇಳಿದರು. "ಅಲ್ಲೇ ಇರಲಿ ಬಿಡು. ಊಟ, ಬಟ್ಟೆ, ಓದು ಎಲ್ಲ ಸಿಗುತ್ತೆ." ಅವರನ್ನು ನಾನು ದೂರುವುದಿಲ್ಲ. ನನಗೂ ಎರಡು ಮಕ್ಕಳಿದ್ದಾರೆ. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ನಮ್ಮ ಯಜಮಾನರಿಗೆ ತೆಂಗಿನಕಾಯಿ ಸುಲಿಯುವ ಕೂಲಿ, ಅದೂ ವರ್ಷಪೂರ್ತಿ ಇರುವುದಿಲ್ಲ. ಆದರೆ ಬಾಲಮಂದಿರಕ್ಕೆ ನೋಡಲು ಹೋದಾಗ ಹುಡುಗಿ ಕೇಳಿದ್ದು ಒಂದೇ: "ದೊಡ್ಡಮ್ಮ, ತಮ್ಮ ರಾತ್ರಿ ಯಾರ ಪಕ್ಕ ಮಲಗ್ತಾನೆ?" ಆ ರಾತ್ರಿ ಊರಿಗೆ ವಾಪಸ್ ಬರುವ ಬಸ್ಸಿನಲ್ಲೇ ನಾನು ತೀರ್ಮಾನ ಮಾಡಿಬಿಟ್ಟೆ.

ಮುಂದಿನ ವಾರ ಯಜಮಾನರನ್ನೂ ಕರೆದುಕೊಂಡು ಸಮಿತಿಯ ಮುಂದೆ ಹೋದೆ. ಕೋರ್ಟಿನ ಹಾಗಿರುತ್ತದೆ ಅಂತ ಹೆದರಿದ್ದೆ. ಹಾಗಿರಲಿಲ್ಲ, ಕೂರಿಸಿ ಮಾತಾಡಿಸಿದರು. ಸಮಿತಿಯ ಒಬ್ಬ ಮೇಡಂ, "ಮಕ್ಕಳನ್ನ ಕರ್ಕೊಂಡು ಹೋಗೋಕೆ ನಿಮಗೆ ಏನಮ್ಮಾ ಕಷ್ಟ?" ಅಂತ ಕೇಳಿದರು. ಬಡತನ ಹೇಳಿಕೊಂಡರೆ ಕೊಡುವುದಿಲ್ಲವೇನೋ ಅಂತ ಒಂದು ಕ್ಷಣ ಅಳುಕಿದೆ. ಆಮೇಲೆ ನಿಜವನ್ನೇ ಹೇಳಿದೆ. "ಪ್ರೀತಿಗೆ ಕೊರತೆ ಇಲ್ಲ ಮೇಡಂ, ದುಡ್ಡಿಗೆ ಇದೆ."

ಆ ಉತ್ತರದಿಂದಲೇ ನಮಗೆ ದಾರಿ ತೆರೆಯಿತು. ಪ್ರಾಯೋಜಕತ್ವ ಅನ್ನೋ ಪದ ನಾನು ಮೊದಲು ಕೇಳಿದ್ದು ಅವತ್ತು. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ, ಅಪ್ಪ ಅಮ್ಮ ಇಲ್ಲದೆ ಸಂಬಂಧಿಕರ ಮನೆಯಲ್ಲಿ ಬೆಳೆಯುವ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಮೊದಲು 2,000 ಇತ್ತು, 2022ರ ಹೊಸ ಮಾರ್ಗಸೂಚಿಯಲ್ಲಿ ಜಾಸ್ತಿ ಮಾಡಿದರು. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಿ 72,000, ಪೇಟೆಯಲ್ಲಿ 96,000 ರೂಪಾಯಿ ಮೀರಬಾರದು. ಬಾಲನ್ಯಾಯ ಕಾಯ್ದೆಯೇ (2015) ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕಟ್ಟಕಡೆಯ ದಾರಿ ಆಗಿರಬೇಕು ಅನ್ನುತ್ತದೆ ಅಂತಲೂ ಆ ಮೇಡಂ ಹೇಳಿದರು. ದುಡ್ಡಿಲ್ಲ ಅನ್ನೋ ಒಂದೇ ಕಾರಣಕ್ಕೆ ಅಕ್ಕ ತಮ್ಮ ಬೇರೆ ಬೇರೆ ಕಟ್ಟಡದಲ್ಲಿ ಮಲಗುವುದು ಸರಿಯಲ್ಲ ಅಂತ ನನಗೆ ಅನ್ನಿಸಿದ್ದನ್ನೇ ಕಾನೂನೂ ಹೇಳುತ್ತಿತ್ತು.

ಅವತ್ತೇ ಮಕ್ಕಳನ್ನು ಕಳಿಸಲಿಲ್ಲ. ನಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಪತ್ರ ಹೋಯಿತು. ಅಲ್ಲಿಂದ ಒಬ್ಬರು ಮನೆ ನೋಡಲು ಬಂದರು. ಮಕ್ಕಳು ಎಲ್ಲಿ ಮಲಗುತ್ತಾರೆ, ಶೌಚಾಲಯ ಇದೆಯಾ, ಶಾಲೆ ಎಷ್ಟು ದೂರ, ಎಲ್ಲ ಕೇಳಿದರು. ಅಂಗನವಾಡಿ ಟೀಚರನ್ನೂ ವಿಚಾರಿಸಿದರು. ನನ್ನ ಮಕ್ಕಳನ್ನು ಬೇರೆ ಕೂರಿಸಿ, "ಇನ್ನಿಬ್ಬರು ಬಂದರೆ ನಿಮಗೆ ಓಕೆನಾ?" ಅಂತ ಕೇಳಿದ್ದು ನನಗೆ ಬಹಳ ಹಿಡಿಸಿತು. ಅದನ್ನು ನಾನೇ ಕೇಳಿರಲಿಲ್ಲ.

ಕಾಗದಪತ್ರದ ಕೆಲಸದಲ್ಲಿ ಒಂದು ಕಡೆ ಎಡವಿದೆವು. ತಂಗಿಯ ಮರಣ ಪ್ರಮಾಣಪತ್ರ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡ್, ಶಾಲೆಯ ವ್ಯಾಸಂಗ ಪ್ರಮಾಣಪತ್ರ ಬೇಗ ಆದವು. ಸಿಕ್ಕಿಹಾಕಿಕೊಂಡಿದ್ದು ಹುಡುಗನ ಆಧಾರ್. ಚಿಕ್ಕ ಮಗುವಾಗಿದ್ದಾಗ ಮಾಡಿಸಿದ ಕಾರ್ಡು. 5 ವರ್ಷ ತುಂಬಿದ ಮೇಲೆ ಬೆರಳಚ್ಚು ಕೊಟ್ಟು ಅಪ್‌ಡೇಟ್ ಮಾಡಿಸಬೇಕು, ತಂಗಿಗೆ ಆಗಿರಲಿಲ್ಲ. ಅದಿಲ್ಲದೆ ಬ್ಯಾಂಕ್ ಖಾತೆ ಆಗಲಿಲ್ಲ. ಖಾತೆ ಇಲ್ಲದೆ ದುಡ್ಡು ಬರುವುದಿಲ್ಲ, ಯಾಕೆಂದರೆ ಅದು ಮಗುವಿನ ಖಾತೆಗೇ ನೇರ ಬೀಳುತ್ತದೆ. ಇದೊಂದಕ್ಕೇ ಎರಡು ತಿಂಗಳು ಹೋಯಿತು. ನಿಮ್ಮ ಕೈಲಿ ಈಗ ಇಂಥ ಅರ್ಜಿ ಇದ್ದರೆ ಮೊದಲು ಆಧಾರ್ ನೋಡಿ, ಆಮೇಲೆ ಉಳಿದದ್ದು.

ಇನ್ನೊಂದು ಮಾತು. ಮಕ್ಕಳನ್ನು ಮನೆಗೆ ಕಳಿಸುವ ಸಮಿತಿಯ ಆದೇಶ ಕೈಗೆ ಬಂದಾಗ ಸುಮ್ನೆ ಸಹಿ ಹಾಕಿ ಹೊರಡಬೇಡಿ. ಪ್ರಾಯೋಜಕತ್ವಕ್ಕೆ ಶಿಫಾರಸು ಅದರಲ್ಲಿ ಇದೆಯಾ ಅಂತ ಓದಿಸಿಕೊಳ್ಳಿ. ನಾನು ಓದಿಸಿಕೊಂಡೆ. ಮಂಜೂರು ಮಾಡುವುದು ಬೇರೆಯವರು, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಅನುಮೋದನಾ ಸಮಿತಿ. ಆದರೆ ನಮ್ಮ ಕಡತ ಅಲ್ಲಿಗೆ ಹೋಗಲು ಆ ಶಿಫಾರಸು ಬಹಳ ಸಹಾಯ ಮಾಡಿತು. ಅರ್ಜಿಗೆ ಒಂದು ರೂಪಾಯಿ ಖರ್ಚಿಲ್ಲ. ಯಾರಾದರೂ ಮಾಡಿಸಿಕೊಡುತ್ತೇನೆ ಅಂತ ದುಡ್ಡು ಕೇಳಿದರೆ ಕೊಡಬೇಡಿ.

ಮಕ್ಕಳು ಬಂದು ಐದು ತಿಂಗಳಾದ ಮೇಲೆ ಮೊದಲ ಹಣ ಬಂತು. ಆಮೇಲೂ ತಿಂಗಳು ತಿಂಗಳು ಬರುತ್ತದೆ ಅಂತಿಲ್ಲ. ಒಮ್ಮೆ ನಾಲ್ಕು ತಿಂಗಳದ್ದು ಒಟ್ಟಿಗೆ ಬಂತು. ಇದು ನನಗೆ ಇವತ್ತಿಗೂ ಬೇಸರದ ವಿಷಯ. ಮಗುವಿನ ಹೊಟ್ಟೆ ದಿನಾ ಹಸಿಯುತ್ತದೆ, ಅಲ್ವಾ? ಮೊದಲ ತಿಂಗಳುಗಳನ್ನು ಸ್ವಸಹಾಯ ಸಂಘದ ಸಾಲದಲ್ಲಿ ತಳ್ಳಿದೆ. ಈಗ ಹಣ ಬಂದ ಕೂಡಲೇ ತೆಗೆಯುವುದಿಲ್ಲ, ಮುಂದಿನ ಮೂರು ತಿಂಗಳಿಗೆ ಹಂಚಿಕೊಂಡು ಖರ್ಚು ಮಾಡುತ್ತೇನೆ. ರೇಷನ್ ಕಾರ್ಡಿಗೆ ಮಕ್ಕಳ ಹೆಸರು ಸೇರಿಸಿದ ಮೇಲೆ ಅಕ್ಕಿ ಜಾಸ್ತಿ ಬರುತ್ತದೆ. ಅದರಿಂದಲೂ ಎಷ್ಟೋ ಹಗುರವಾಯಿತು.

ಊರಲ್ಲಿ ಮಾತು ಬಂತು. "ಎಂಟು ಸಾವಿರಕ್ಕೆ ಮಕ್ಕಳನ್ನ ಇಟ್ಕೊಂಡಿದ್ದಾಳೆ" ಅಂದರು. ಬಾವಿಕಟ್ಟೆಯಲ್ಲಿ ಕೇಳಿಸಿಕೊಂಡು ಬಂದು ಅತ್ತಿದ್ದೇನೆ. ಆಮೇಲೆ ಒಂದು ನೋಟ್‌ಬುಕ್ ಶುರು ಮಾಡಿದೆ. ಹುಡುಗಿಯ ಕನ್ನಡಕ, ಹುಡುಗನ ಶೂ, ಟ್ಯೂಷನ್, ಜ್ವರದ ಔಷಧಿ, ಎಲ್ಲ ಬರೆಯುತ್ತೇನೆ. ಯಾರಿಗೂ ಲೆಕ್ಕ ಒಪ್ಪಿಸಲು ಅಲ್ಲ. ಹುಡುಗಿ ದೊಡ್ಡವಳಾದ ಮೇಲೆ ಅವಳೇ ನೋಡಲಿ ಅಂತ. ಘಟಕದವರು ಮನೆಗೆ ಬಂದಾಗಲೂ ಆ ಪುಸ್ತಕ ತೋರಿಸುತ್ತೇನೆ. ಅವರು ಮುಖ್ಯವಾಗಿ ನೋಡುವುದು ಶಾಲೆಯ ಹಾಜರಿ. ಮಗು ಶಾಲೆ ಬಿಟ್ಟರೆ ಹಣ ನಿಲ್ಲುತ್ತದೆ.

ನಮ್ಮ ಪಕ್ಕದ ಊರಿನಲ್ಲಿ ಒಬ್ಬ ಅಜ್ಜಿ ಇದ್ದಾರೆ. ಮಗಳು ಅಳಿಯ ಇಬ್ಬರೂ ಇಲ್ಲ, ಮೊಮ್ಮಗನನ್ನು ಸಾಕುತ್ತಿದ್ದಾರೆ. ಮಗು ಬಾಲಮಂದಿರಕ್ಕೆ ಹೋದರೆ ಮಾತ್ರ ದುಡ್ಡು ಕೊಡುತ್ತಾರೆ ಅಂತ ಯಾರೋ ಅವರಿಗೆ ಹೇಳಿಬಿಟ್ಟಿದ್ದಾರೆ. ಅದು ಸುಳ್ಳು. ಮನೆಯಲ್ಲೇ ಇರುವ ಮಗುವಿಗೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ನೇರವಾಗಿ ಅರ್ಜಿ ಕೊಡಬಹುದು, ಮಗು ಮನೆ ಬಿಡದಿರಲಿ ಅಂತಲೇ ಅದನ್ನು ಇಟ್ಟಿರುವುದು. ಸೋಮವಾರ ಹೊಲಿಗೆಗೆ ರಜೆ ಮಾಡಿ ಅವರ ಜೊತೆ ನಾನೂ ಹೋಗುತ್ತಿದ್ದೇನೆ. ಅವರ ಮೊಮ್ಮಗನ ಆಧಾರ್ ಅಪ್‌ಡೇಟ್ ಮೊನ್ನೆಯೇ ಮಾಡಿಸಿ ಆಗಿದೆ.