ಎಲೆಕ್ಟ್ರಿಕ್ ಗಿಟಾರ್: ಬೇಡದ ತಂತಿಯನ್ನು ಸುಮ್ಮನಿರಿಸುವುದೇ ಮೊದಲ ಪಾಠ

ಎಲೆಕ್ಟ್ರಿಕ್ ಗಿಟಾರ್ ಕಲಿಯಬೇಕೆನ್ನುವವರು ಮೊದಲು ಅಕೂಸ್ಟಿಕ್ ಕಲಿಯಲೇಬೇಕೆಂದಿಲ್ಲ. ಎಲೆಕ್ಟ್ರಿಕ್‌ನ ತಂತಿ ತೆಳು, ಒತ್ತುವುದಕ್ಕೆ ಹಗುರ. ಕಷ್ಟ ಇರುವುದು ಬೇರೆ ಕಡೆ. ಬೇಕೆಂದು ಮೀಟಿದ ತಂತಿಯ ಜೊತೆಗೆ ಕೈ ತಗುಲಿ ಅಲುಗಿದ ತಂತಿಯನ್ನೂ ಆಂಪ್ (ದನಿ ಹೆಚ್ಚಿಸುವ ಪೆಟ್ಟಿಗೆ) ಜೋರಾಗಿ ಕೇಳಿಸಿಬಿಡುತ್ತದೆ. ಈ ಗಲಾಟೆಯನ್ನು ಅಡಗಿಸುವ ಅಭ್ಯಾಸ ಮೊದಲ ವಾರದಲ್ಲೇ ಆಗಬೇಕು.

ಆನ್‌ಲೈನ್‌ನಲ್ಲಿ ತರಿಸುವುದಕ್ಕಿಂತ ಮೈಸೂರಿನ ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿ ಕೊಳ್ಳುವುದು ಮೇಲು. ಮಂಡ್ಯದವರಿಗೂ ಅದು ಅರ್ಧ ದಿನದ ಕೆಲಸ. ಬ್ರಿಡ್ಜ್ (ತಂತಿಗಳ ಕೆಳತುದಿ ಕೂರುವ ಪಟ್ಟಿ) ಕದಲದಂಥ ಗಿಟಾರ್ ಆರಿಸಿ. ತಂತಿಯನ್ನು ಬೀಗ ಹಾಕಿ ಹಿಡಿಯುವ ಟ್ರೆಮೊಲೊ (ಕದಲುವ ಬ್ರಿಡ್ಜ್) ಇದ್ದರೆ ಒಂದು ತಂತಿಯ ಶ್ರುತಿ ಬದಲಿಸಿದಾಗ ಉಳಿದ ಐದೂ ಅಲುಗಾಡುತ್ತವೆ, ಹೊಸಬರಿಗೆ ಅದು ಬೇಡ. ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲಿ (ನೆಕ್, ಅಂದರೆ ಗಿಟಾರ್‌ನ ಉದ್ದ ಕತ್ತಿನ ಮೇಲಿನ ಅಡ್ಡ ಕಂಬಿ) ಒತ್ತಿ ಮೀಟಿ ನೋಡಿ, ಎಲ್ಲೂ ಝರ್ ಎನ್ನಬಾರದು. 12ನೇ ಫ್ರೆಟ್‌ನ ಮೇಲೆ ದಪ್ಪ 6ನೇ ತಂತಿ ಸುಮಾರು 2 ಮಿ.ಮೀ., ತೆಳು 1ನೇ ತಂತಿ 1.5 ಮಿ.ಮೀ. ಎತ್ತರದಲ್ಲಿರಲಿ. ಅದಕ್ಕಿಂತ ಹೆಚ್ಚಿದ್ದರೆ ಅಂಗಡಿಯಲ್ಲೇ ಇಳಿಸಿಕೊಡಲು ಹೇಳಿ. ನೆಕ್‌ನ ಅಂಚಿನುದ್ದಕ್ಕೂ ಅಂಗೈ ಜಾರಿಸಿದಾಗ ಫ್ರೆಟ್ ತುದಿ ಚುಚ್ಚಬಾರದು, ನಾಬ್ ತಿರುಗಿಸಿದಾಗ ಕರಕರ ಸದ್ದು ಬರಬಾರದು.

ತಂತಿಗೆ 9–42 ಸೆಟ್ (ತೆಳು ತಂತಿ 0.009, ದಪ್ಪ ತಂತಿ 0.042 ಅಂಗುಲ) ಸಾಕು. ಅಕೂಸ್ಟಿಕ್‌ನ ಕಂಚಿನ ತಂತಿ ಹಾಕಬೇಡಿ. ತಂತಿಯ ಅಲುಗಾಟವನ್ನು ಹಿಡಿಯುವ ಪಿಕಪ್ ಅಯಸ್ಕಾಂತದಿಂದ ಕೆಲಸ ಮಾಡುವುದರಿಂದ ಅದಕ್ಕೆ ಉಕ್ಕು, ನಿಕಲ್ ಬೇಕು. ವಠಾರದಲ್ಲಿ, ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲಿ ಇರುವವರಿಗೆ ಹೆಡ್‌ಫೋನ್ ಹಾಕಬಹುದಾದ 10 ವಾಟ್ ಆಂಪ್ ಧಾರಾಳವಾಯಿತು. ಗಿಟಾರನ್ನು ನೇರವಾಗಿ ಹೋಮ್ ಥಿಯೇಟರ್‌ಗೆ ಚುಚ್ಚಿದರೆ ದನಿ ಮಂಕಾಗಿ ಕೇಳುತ್ತದೆ. ಬ್ಲೂಟೂತ್ ಹೆಡ್‌ಫೋನ್‌ನಲ್ಲಿ ಮೀಟಿದ ಮೇಲೆ ಸ್ವರ ತಡವಾಗಿ ಬರುವುದರಿಂದ ಲಯವೇ ಕೆಡುತ್ತದೆ.

ಆಂಪ್ ಅನ್ನು ಅರ್ಥಿಂಗ್ ಇರುವ ಮೂರು ಪಿನ್ ಸಾಕೆಟ್‌ಗೇ ಹಾಕಿ. ಹಳೆಯ ಮನೆಗಳಲ್ಲಿ ಎರಡು ಪಿನ್ ಅಡಾಪ್ಟರ್ ಸಿಕ್ಕಿಸಿದರೆ ಗುಂಯ್ ಎನ್ನುವ ಸದ್ದು ಹೆಚ್ಚುವುದಷ್ಟೇ ಅಲ್ಲ, ತಂತಿಯಿಂದ ಶಾಕ್ ಹೊಡೆಯುವ ಅಪಾಯವೂ ಇದೆ. ವಾಲ್ಯೂಮ್ ಸೊನ್ನೆಗೆ ಇಳಿಸಿ, ಕೇಬಲ್‌ನ ಎರಡೂ ತುದಿ ಹಾಕಿ, ಆಮೇಲೆ ಸ್ವಿಚ್ ಒತ್ತಿ. ಗೇನ್ (ಆಂಪ್‌ನೊಳಗೆ ಸಿಗ್ನಲ್ ಹಿಗ್ಗಿಸುವ ನಾಬ್) ಕಡಿಮೆ ಇರಲಿ, ಡಿಸ್ಟಾರ್ಷನ್ (ದನಿಯನ್ನು ಒರಟಾಗಿಸುವ ಎಫೆಕ್ಟ್) ಆಫ್ ಇರಲಿ. ಮೊದಲ ತಿಂಗಳು ಡಿಸ್ಟಾರ್ಷನ್ ಮುಟ್ಟದಿರುವುದೇ ಲೇಸು, ಅದು ತಪ್ಪನ್ನೆಲ್ಲ ಮುಚ್ಚಿಹಾಕಿ ಕಿವಿಗೆ ಮೋಸ ಮಾಡುತ್ತದೆ.

ಶ್ರುತಿ ದಪ್ಪ ತಂತಿಯಿಂದ ತೆಳುವಿಗೆ ಇ, ಎ, ಡಿ, ಜಿ, ಬಿ, ಇ. ಕೊನೆಯ ಇ ಮೊದಲನೆಯದಕ್ಕಿಂತ ಎರಡು ಸ್ಥಾಯಿ ಮೇಲಿರುತ್ತದೆ: 82 ಹರ್ಟ್ಸ್, 330 ಹರ್ಟ್ಸ್. ಟ್ಯೂನರ್ ಆ್ಯಪ್‌ನಲ್ಲಿ ಬರೀ ಅಕ್ಷರ ನೋಡಿ ಬಿಗಿಯುತ್ತಾ ಹೋದರೆ ಒಂದು ಸ್ಥಾಯಿ ಹೆಚ್ಚಾಗಿ ತಂತಿ ಕಡಿಯುತ್ತದೆ, ಅದಕ್ಕೇ ಹರ್ಟ್ಸ್ ನೋಡಬೇಕು. ಶ್ರುತಿ ಏರಿಹೋದರೆ ಬೇಕಾದ್ದಕ್ಕಿಂತ ಸ್ವಲ್ಪ ಕೆಳಗೆ ಇಳಿಸಿ, ಮತ್ತೆ ಏರಿಸಿ ನಿಲ್ಲಿಸಿ. ಹಾಗೆ ಮಾಡಿದರೆ ತಂತಿ ಸಡಿಲವಾಗುವುದಿಲ್ಲ.

ಪಿಕ್ (ತಂತಿ ಮೀಟುವ ಬಿಲ್ಲೆ) 0.7 ಮಿ.ಮೀ. ದಪ್ಪ ಇರಲಿ. ಹೆಬ್ಬೆರಳು ಮತ್ತು ತೋರುಬೆರಳಿನ ಪಕ್ಕದ ನಡುವೆ ಹಿಡಿದಾಗ ತುದಿ 3–4 ಮಿ.ಮೀ. ಮಾತ್ರ ಹೊರಗೆ ಕಾಣಲಿ. ಎಡಗೈ ಬೆರಳನ್ನು ಫ್ರೆಟ್ ಕಂಬಿಯ ಹಿಂದೆಯೇ, ಅದಕ್ಕೆ ಅಂಟಿದಂತೆ ಇಡಿ. ತಂತಿಯ ಮೇಲೆ ಬೆರಳು ಇಟ್ಟು ಮೀಟುತ್ತಾ ನಿಧಾನಕ್ಕೆ ಒತ್ತಡ ಹೆಚ್ಚಿಸಿ. ಸ್ವರ ಸ್ಪಷ್ಟವಾದ ಕ್ಷಣ ನಿಲ್ಲಿಸಿ. ಬೇಕಿರುವ ಬಲ ಅಷ್ಟೇ. ತೆಳು ತಂತಿಯನ್ನು ಅದಕ್ಕಿಂತ ಗಟ್ಟಿ ಅದುಮಿದರೆ ಸ್ವರ ಏರಿ ಅಪಶ್ರುತಿಯಾಗುತ್ತದೆ.

ಈಗ ಸದ್ದಡಗಿಸುವುದು. ಬಲ ಅಂಗೈಯ ಕಿರುಬೆರಳ ಕಡೆಯ ಅಂಚು ನೀವು ನುಡಿಸುತ್ತಿರುವ ತಂತಿಗಿಂತ ದಪ್ಪನೆಯ ತಂತಿಗಳ ಮೇಲೆ ಒರಗಿರಲಿ. ತೆಳು ತಂತಿಗಳ ಮೇಲೆ ಎಡಗೈ ತೋರುಬೆರಳಿನ ಒಳಭಾಗ ಒತ್ತದೆ, ಸುಮ್ಮನೆ ಸವರಿಕೊಂಡಿರಲಿ. ಹೀಗಿಟ್ಟುಕೊಂಡು 5, 6, 7, 8ನೇ ಫ್ರೆಟ್‌ಗಳನ್ನು ಬೆರಳಿಗೊಂದರಂತೆ, ಮೆಟ್ರೊನೋಮ್‌ನಲ್ಲಿ (ಲಯ ಹಿಡಿಯುವ ಯಂತ್ರ) ನಿಮಿಷಕ್ಕೆ 60 ಬಡಿತ ಇಟ್ಟು, ಒಮ್ಮೆ ಕೆಳಕ್ಕೆ ಒಮ್ಮೆ ಮೇಲಕ್ಕೆ ಮೀಟುತ್ತಾ ಆರೂ ತಂತಿಗಳಲ್ಲಿ ನುಡಿಸಿ. ಐದರಿಂದ ಶುರು ಮಾಡಲು ಕಾರಣವಿದೆ: ತಂತಿಯ ಉದ್ದ 648 ಮಿ.ಮೀ. ಇರುವ ಗಿಟಾರ್‌ನಲ್ಲಿ ಮೊದಲ ಫ್ರೆಟ್‌ನ ಮನೆ 36 ಮಿ.ಮೀ. ಅಗಲ, ಐದನೆಯದು 29. ನಿಲ್ಲಿಸಿದಾಗ ಪೂರ್ತಿ ನಿಶ್ಶಬ್ದವಾಗಬೇಕು. ಗುಂಗು ಉಳಿದರೆ ಯಾವ ತಂತಿ ಎಂದು ಹುಡುಕಿ, ಆ ಬೆರಳನ್ನು ತಿದ್ದಿ.

ಕಾರ್ಡ್‌ಗಳಲ್ಲಿ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಪವರ್ ಕಾರ್ಡ್ ಮೊದಲು. ತೋರುಬೆರಳು 6ನೇ ತಂತಿಯ 3ನೇ ಫ್ರೆಟ್, ಉಂಗುರ ಬೆರಳು 5ನೇ ತಂತಿಯ 5ನೇ ಫ್ರೆಟ್. ಇದು ಬೇರೇನಲ್ಲ, ಷಡ್ಜ–ಪಂಚಮ. ಡಿಸ್ಟಾರ್ಷನ್‌ನಲ್ಲಿ ಗಾಂಧಾರ ಸೇರಿದ ಪೂರ್ಣ ಕಾರ್ಡ್ ಕಲಸಿಹೋಗುತ್ತದೆ, ಸ–ಪ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ಬೆರಳಿನ ಆಕಾರ ಕೆಡಿಸದೆ 5, 8ನೇ ಫ್ರೆಟ್‌ಗಳಿಗೆ ಸರಿಸುತ್ತಾ ಅಭ್ಯಾಸ ಮಾಡಿ.

ಆಮೇಲೆ ಒಂದು ಸ್ಕೇಲ್. ಗಿಟಾರ್‌ನವರು ಮೈನರ್ ಪೆಂಟಾಟೋನಿಕ್ ಎನ್ನುವ ಸ್ವರಗಳು ನಮ್ಮ ಶುದ್ಧ ಧನ್ಯಾಸಿಯವೇ. 6ನೇ ತಂತಿಯ 5ನೇ ಫ್ರೆಟ್ ಅನ್ನು ಷಡ್ಜ ಮಾಡಿಕೊಂಡು, ಆ ತಂತಿಯಿಂದ ಶುರುಮಾಡಿ ಫ್ರೆಟ್‌ಗಳು: 5–8, 5–7, 5–7, 5–7, 5–8, 5–8. ಸಂಗೀತ ಪಾಠಕ್ಕೆ ಹೋಗಿದ್ದವರು ಸ್ವರ ಹೇಳಿಕೊಂಡೇ ನುಡಿಸಲಿ, ಬೇಗ ಕೈಹಿಡಿಯುತ್ತದೆ. ವೀಣೆಯಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ ತರುವಂತೆ ಇಲ್ಲಿ ಬೆಂಡ್ ಇದೆ. 3ನೇ ತಂತಿಯ 7ನೇ ಫ್ರೆಟ್ ಮಧ್ಯಮ; ಉಂಗುರ ಬೆರಳಿನಿಂದ ಒತ್ತಿ, ತೋರುಬೆರಳು, ನಡುಬೆರಳನ್ನು ಅದರ ಹಿಂದೆ ಆಸರೆಯಾಗಿಟ್ಟು, ಮಣಿಕಟ್ಟು ತಿರುಗಿಸಿ ಮೇಲಕ್ಕೆ ತಳ್ಳಿದರೆ ಪಂಚಮಕ್ಕೆ ಏರಬೇಕು. ಮುಟ್ಟಿತೋ ಇಲ್ಲವೋ ಎಂದು 2ನೇ ತಂತಿಯ 5ನೇ ಫ್ರೆಟ್ ಮೀಟಿ ಹೋಲಿಸಿ. ಅದೂ ಅದೇ ಪಂಚಮ. ಸಾಮಾನ್ಯವಾಗಿ ಹೊಸಬರ ಬೆಂಡ್ ಅರ್ಧಕ್ಕೇ ನಿಲ್ಲುತ್ತದೆ, ಏಕೆಂದರೆ ಒಂದೇ ಬೆರಳಿನಿಂದ ತಳ್ಳುತ್ತಾರೆ.

ದಿನಕ್ಕೆ 20 ನಿಮಿಷದಂತೆ ಎರಡು ಸಲ ಸಾಕು. ಬೆರಳ ತುದಿ ಕೆಲವು ವಾರ ನೋಯುವುದು ಸಹಜ. ಮಣಿಕಟ್ಟು ನೋಯುತ್ತಿದ್ದರೆ ಮಾತ್ರ ಅಲ್ಲಿಗೇ ನಿಲ್ಲಿಸಿ, ಗಿಟಾರ್ ಹಿಡಿದ ಭಂಗಿ ಸರಿಪಡಿಸಿ. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ತಂತಿ ಒರೆಸದಿದ್ದರೆ ಬೆವರಿಗೆ ತುಕ್ಕು ಹಿಡಿಯುತ್ತದೆ, ಮಳೆಗಾಲದಲ್ಲಂತೂ ಬಹಳ ಬೇಗ. ಬೇಸಿಗೆಯ ಒಣಹವೆಗೆ ನೆಕ್ ಹಿಂದಕ್ಕೆ ಬಾಗಿ ಮೊದಲ ಫ್ರೆಟ್‌ಗಳಲ್ಲಿ ಝರ್ ಶುರುವಾದರೆ ಟ್ರಸ್ ರಾಡ್ (ನೆಕ್‌ನ ಬಾಗು ಸರಿಪಡಿಸಲು ಒಳಗಿರುವ ಸರಳು) ಸಡಿಲಿಸಬೇಕಾದೀತು. ಮೊದಲ ಸಲ ಅದನ್ನು ರಿಪೇರಿ ಬಲ್ಲವರ ಕೈಯಲ್ಲೇ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿಕೊಳ್ಳಿ. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು.